ಸದ್ಯದಲ್ಲೇ ಆಗ್ರಾ

ನಮ್ಮ ಮನೆಯಲ್ಲಿ ನಾಲ್ಕು ಅಂತಸ್ತಿನ ಒಂದು ಸ್ಟೀಲ್ ಕ್ಯಾರಿಯರ್ ಇದೆ. ಈ ಸಂಸಾರದಲ್ಲಿ ಅತಿ ಹೆಚ್ಚು ಸಲ ಆಗ್ರಾಕ್ಕೆ ಹೋಗಿ ಬಂದದ್ದು ಯಾರೆಂದು ನೀವು ಕೇಳಿದರೆ ಸಂಕೋಚವಿಲ್ಲದೆ ಅದರ ಕಡೆಗೇ ಬೆರಳು ತೋರಿಸುತ್ತೇನೆ. ದಿಲ್ಲಿಯಲ್ಲಿ ಸರ್ಕಾರಿ ಕೆಲಸದಲ್ಲಿರುವ ಕನ್ನಡಿಗನ ಮನೆಯೆಂದರೆ ಊರಿನವರ ಪಾಲಿಗೆ ಅರ್ಧ ಛತ್ರ, ಅರ್ಧ ಪ್ರವಾಸಿ ಕಚೇರಿ. ನನ್ನ ಚಿಕ್ಕಪ್ಪ, ನನ್ನ ಹೆಂಡತಿ ಶಾರದೆಯ ಅಕ್ಕಂದಿರು, ಆ ಅಕ್ಕಂದಿರ ಬೀಗರು, ಬೀಗರ ಪಕ್ಕದ ಮನೆಯವರು, ಹೀಗೆ ಯಾರೇ ಬರಲಿ, ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಇಳಿದು, ಸ್ನಾನ ಮಾಡಿ, ಕಾಫಿ ಕುಡಿದು, "ತಾಜಮಹಲಿಗೆ ಯಾವತ್ತು?" ಎಂದು ಕೇಳುವುದು ಪದ್ಧತಿ. ಹೊರಡುವ ದಿನ ಶಾರದೆ ಬೆಳಕು ಹರಿಯುವ ಮೊದಲೇ ಎದ್ದು ಕ್ಯಾರಿಯರಿಗೆ ಚಪಾತಿ, ಪಲ್ಯ, ಪುಳಿಯೋಗರೆ, ಮೊಸರನ್ನ ತುಂಬಿಕೊಡುತ್ತಾಳೆ. ಟ್ಯಾಕ್ಸಿಯ ಸೀಟುಗಳು ಅತಿಥಿಗಳಿಂದಲೇ ಭರ್ತಿಯಾಗಿರುತ್ತವೆ. ಸಂಜೆ ಅವರು ಸುಸ್ತಾಗಿ ಬರುವ ಹೊತ್ತಿಗೆ ಬಿಸಿ ಸಾರು ಅನ್ನ ಮಾಡಿಡಲು ಮನೆಯಲ್ಲಿ ಒಬ್ಬರು ಬೇಕೇ ಬೇಕಲ್ಲ. ಹೀಗಾಗಿ ಮೂವತ್ತು ವರ್ಷಗಳಿಂದ ಆಕೆಯ ಪುಳಿಯೋಗರೆ ಆಗ್ರಾಕ್ಕೆ ಹೋಗುತ್ತಿದೆ, ಆಕೆ ಹೋಗಿಲ್ಲ.

ಹಾಗೆಂದು ಆಕೆ ಕೇಳಲಿಲ್ಲವೇ? ಪ್ರತಿ ಸಲ ಅತಿಥಿಗಳನ್ನು ರೈಲು ಹತ್ತಿಸಿ ಬಂದ ಮೇಲೆ, ಖಾಲಿ ಡಬ್ಬಿ ತೊಳೆಯುತ್ತ ಕೇಳುತ್ತಿದ್ದಳು: "ನಾವು ಯಾವಾಗ ರೀ ಹೋಗೋದು?" ನಾನು ಪೇಪರಿನಿಂದ ತಲೆ ಎತ್ತದೆ "ಸೂನ್" ಎನ್ನುತ್ತಿದ್ದೆ.

ಈ ಪದ ನನ್ನ ಬಾಯಿಗೆ ಹೇಗೆ ಬಂತೆಂಬುದನ್ನು ನಿಮಗೆ ಹೇಳಲೇಬೇಕು. ನನ್ನದು ಒಂದು ಮಂತ್ರಾಲಯದ ಮೂಲೆಯ ಸೆಕ್ಷನ್ನಿನಲ್ಲಿ ಕಾಗದಗಳಿಗೆ ಉತ್ತರದ ಕರಡು ಬರೆಯುವ ಉದ್ಯೋಗ. ಆಗದ ಕೆಲಸವನ್ನು ಆಗುವುದಿಲ್ಲ ಎಂದು ಬರೆದರೆ ಜಗಳ, ಆಗುತ್ತದೆ ಎಂದು ಬರೆದರೆ ಜವಾಬ್ದಾರಿ. ಇವೆರಡರ ನಡುವಿನ ತಂಪಾದ ಜಾಗದಲ್ಲಿ 'ಸೂನ್' ಮತ್ತು ಅದರ ದಾಯಾದಿಗಳು ವಾಸವಾಗಿದ್ದಾರೆ. ಹೊಸಬರಿಗೆ ಇವೆಲ್ಲ ಒಂದೇ ಅರ್ಥದ ಮಾತುಗಳೆನಿಸುತ್ತವೆ. ಪಳಗಿದವನಿಗೆ ಮಾತ್ರ ಗೊತ್ತು, 'ಶಾರ್ಟ್ಲಿ' ಎಂದರೆ ಫೈಲು ಎಲ್ಲಿದೆಯೆಂದು ಹುಡುಕುತ್ತಿದ್ದೇವೆ ಎಂದು. 'ಅಟ್ ದಿ ಅರ್ಲಿಯೆಸ್ಟ್' ಎಂದರೆ ಹುಡುಕುವವನು ರಜೆಯಲ್ಲಿದ್ದಾನೆ ಎಂದು. 'ಇನ್ ಡ್ಯೂ ಕೋರ್ಸ್' ಎಂದರೆ ಬರೆದವನೂ ಓದಿದವನೂ ನಿವೃತ್ತರಾದ ಮೇಲೆ ಎಂದು. 'ಇಮೀಡಿಯೆಟ್' ಎಂಬ ಕೆಂಪು ಚೀಟಿ ಅಂಟಿಸಿಕೊಂಡ ಫೈಲುಗಳಂತೂ ಎಷ್ಟೋ ಇದ್ದುವು. ಚೀಟಿಯ ಕೆಂಪು ಮಾಸಿ ಗುಲಾಬಿಯಾಗುವವರೆಗೂ ಅವು ನನ್ನ ಮೇಜಿನ ಮೇಲೆಯೇ ಇರುತ್ತಿದ್ದವು.

ಇಂಗ್ಲಿಷನ್ನು ಮಾತ್ರ ದೂರಿ ಫಲವಿಲ್ಲ. ನಮ್ಮ ಕನ್ನಡವೇನು ಕಡಿಮೆಯೇ? ಬೇಗ, ಶೀಘ್ರ, ಇಷ್ಟರಲ್ಲೇ, ಆದಷ್ಟು ಬೇಗ, ಅತಿ ಶೀಘ್ರದಲ್ಲಿ ಎಂದು ಎಷ್ಟೊಂದು ಮಾತುಗಳಿವೆ, ಒಂದಕ್ಕಿಂತ ಒಂದು ನಿಧಾನ! 'ಬೇಗ' ಎಂಬ ಒಂಟಿ ಪದದಲ್ಲಿ ಇರುವ ಚುರುಕು, ಅದಕ್ಕೆ 'ಆದಷ್ಟು' ಎಂಬ ಊರುಗೋಲು ಕೊಟ್ಟ ಕೂಡಲೇ ಕುಂಟತೊಡಗುತ್ತದೆ. ಇನ್ನು ದಿಲ್ಲಿಯ ಪ್ಲಂಬರ್ ಭಯ್ಯಾ ಫೋನಿನಲ್ಲಿ "ಬಸ್ ಪಹುಂಚ್ ಗಯಾ ಸಾಬ್", ಬಂದೇಬಿಟ್ಟೆ, ಎಂದರೆ ಅವನು ಇನ್ನೂ ಹಲ್ಲುಜ್ಜುತ್ತಿದ್ದಾನೆಂದು ತಿಳಿಯುವಷ್ಟು ಹಿಂದಿ ನನಗೂ ಬರುತ್ತದೆ. ಶಾರದೆಯೊಬ್ಬಳೇ ಈ ಭಾಷೆಗಳಲ್ಲಿ ಯಾವುದನ್ನೂ ಕಲಿಯಲಿಲ್ಲ. ಆಕೆಯ ಕಾಲವೆಲ್ಲ ಕುಕ್ಕರಿನ ಕೂಗಿನಲ್ಲಿ. ಬೇಳೆಗೆ ನಾಲ್ಕು ಎಂದರೆ ನಾಲ್ಕು, ಅನ್ನಕ್ಕೆ ಎರಡು ಎಂದರೆ ಎರಡು.

ನಾನು ನಿವೃತ್ತನಾಗಲು ಎರಡು ತಿಂಗಳಷ್ಟೇ ಉಳಿದಿತ್ತು. ಆಮೇಲೆ ಕ್ವಾರ್ಟರ್ಸ್ ಬಿಟ್ಟು ಮೈಸೂರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಶಾರದೆಯ ಮಂಡಿನೋವೂ ಜೋರಾಗಿ, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡತೊಡಗಿದ್ದಳು. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು ನಿಧಿ ಒಂದು ಭಾನುವಾರ ಬಂದವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಅಪ್ಪಾ, ಅಬ್ ತೋ ಹದ್ ಹೋ ಗಯೀ! ಅಮ್ಮನ ನೀ-ಪೇನ್ ಇನ್ನೂ ವರ್ಸ್ ಆದ್ರೆ ಆಮೇಲೆ ಹೇಗೆ ನಡೀತಾರೆ? ಡೇಟ್ ಹೇಳಿ, ಕ್ಯಾಬ್ ನಾನ್ ಬುಕ್ ಮಾಡ್ತೀನಿ." ನಾನು ಮರುದಿನ ಆಫೀಸಿನಿಂದ ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ಉತ್ತರ ಕಳಿಸಿದೆ: "ಆಗ್ರಾ ಪ್ರವಾಸದ ವಿಷಯ ಪರಿಶೀಲನೆಯಲ್ಲಿದೆ. ಸದ್ಯದಲ್ಲೇ ತಿಳಿಸಲಾಗುವುದು." ನಂಬಿ, ಇದನ್ನು ತಮಾಷೆಗೆ ಬರೆದದ್ದಲ್ಲ, ಮೂವತ್ತು ವರ್ಷದ ಅಭ್ಯಾಸದ ಬೆರಳುಗಳು ತಾವಾಗಿಯೇ ಬರೆದುಬಿಟ್ಟವು.

ಮಗಳು ಕಣ್ಣೀರು ಬರುವಂತೆ ನಗುವ ಮುಖಗಳನ್ನು ಸಾಲಾಗಿ ಕಳಿಸಿದಳು. ಸಂಜೆ ಮನೆಗೆ ಹೋದರೆ, ಶಾರದೆ ಮೈಸೂರಿಗೆ ಸಾಗಿಸಬೇಕಾದ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ ಕುಳಿತಿದ್ದಳು. ಸಿಟ್ಟಿಲ್ಲದೆಯೇ ಕೇಳಿದಳು: "ಮೈಸೂರಲ್ಲಿ ಯಾರಾದ್ರೂ, ಇಷ್ಟು ವರ್ಷ ದಿಲ್ಲೀಲಿದ್ರಲ್ಲ, ತಾಜಮಹಲ್ ಹೇಗಿದೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ ರೀ? ಅಲ್ಲಿ ಕೂತು ತಿಂದ್ರೆ ಪುಳಿಯೋಗರೆ ಚೆನ್ನಾಗಿರುತ್ತಂತೆ ಅಂತ ಹೇಳ್ಲಾ?"

ನನಗೆ ಬಹಳ ನಾಚಿಕೆಯಾಯಿತು. ಅರ್ಜಿದಾರರು ಸಿಟ್ಟಾದರೆ ಉತ್ತರಿಸುವುದು ಗೊತ್ತಿದ್ದ ನನಗೆ, ಅರ್ಜಿ ಹಾಕುವುದನ್ನೇ ಬಿಟ್ಟವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದೆ. ಶನಿವಾರ, ಭಾನುವಾರ ಜನಜಂಗುಳಿ, ಈ ಮಂಡಿಯಲ್ಲಿ ಆಕೆಗೆ ನೂಕುನುಗ್ಗಲು ಬೇಡ, ಶುಕ್ರವಾರಕ್ಕೇ ಕ್ಯಾಬ್ ಹೇಳು ಎಂದೆ. ಶಾರದೆ ಸುತ್ತುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ನನ್ನನ್ನೇ ಒಂದು ಗಳಿಗೆ ನೋಡಿ, "ಆಗ್ಲಿ" ಎಂದಳು.

ಶುಕ್ರವಾರ ನನ್ನ ಎಣಿಕೆ ಎಷ್ಟು ಸರಿಯಾಗಿತ್ತೆಂದರೆ ತಾಜಮಹಲಿನ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿ, "ನೋಡಿದೆಯಾ, ರಶ್ಶೇ ಇಲ್ಲ" ಎಂದೆ. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರ ಎದ್ದು ಬಂದು, "ಆಜ್ ಜುಮ್ಮಾ ಹೈ ಅಂಕಲ್‌ಜೀ, ಬಂದ್ ಹೈ" ಎಂದ. ಬಂದ ನೆಂಟರಿಗೆಲ್ಲ, ಶುಕ್ರವಾರ ಒಂದು ಬಿಟ್ಟು ಯಾವತ್ತಾದರೂ ಹೋಗಿ ಎಂದು ಬೆರಳೆತ್ತಿ ಉಪದೇಶ ಮಾಡುತ್ತಿದ್ದವನು ನಾನೇ. ಜೀವಮಾನದಲ್ಲಿ ಒಮ್ಮೆ ಅವಸರ ಮಾಡಿದ್ದಕ್ಕೆ ಇದು ಶಿಕ್ಷೆ! ನೆಲ ಬಾಯಿ ಬಿಡಬಾರದೇ ಎನಿಸಿತು.

ಕ್ಯಾಬಿನ ಭಯ್ಯಾ ನನ್ನ ಮುಖ ನೋಡಿ ಕನಿಕರಪಟ್ಟು, ನದಿಯ ಆಚೆಯ ತೋಟದಿಂದ ಚೆನ್ನಾಗಿ ಕಾಣುತ್ತದೆಂದು ಕರೆದೊಯ್ದ. ಯಮುನೆಯ ತೆಳ್ಳನೆಯ ನೀರಿನಾಚೆ, ಬಿಸಿಲಿನಲ್ಲಿ, ತಾಜಮಹಲಿನ ಬೆನ್ನು. ಶಾರದೆ ಕಲ್ಲುಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕುಳಿತು ತುಂಬ ಹೊತ್ತು ನೋಡಿದಳು. ನಾನು ಪಕ್ಕದಲ್ಲಿ ನಿಂತು ಕ್ಷಮೆ ಕೇಳತೊಡಗಿದೆ; ಶುಕ್ರವಾರ ಬಾಗಿಲು ಹಾಕಿರುತ್ತದೆಂಬುದು ನನಗೆ ಹೇಗೆ ಮರೆತುಹೋಯಿತೋ ಎಂದೆ.

"ನಂಗೆ ನೆನಪಿತ್ತು ರೀ," ಎಂದಳು.

"ಮತ್ತೆ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ಇನ್ನೊಂದು ದಿನ ನೋಡೋಣ ಅಂತಿದ್ರಿ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಒಂದು ವಾರದ ಹೆಸರು ಹೇಳಿದ್ರಿ. ಅದನ್ನ ಬಿಟ್ಟುಕೊಡೋಕೆ ನಂಗೆ ಮನಸ್ಸಾಗ್ಲಿಲ್ಲ."

ಪಕ್ಕದಲ್ಲಿ ಕುಳಿತೆ. ಇಷ್ಟು ವರ್ಷ ಬಳಸಿದ ಯಾವ ಮಾತೂ ಬಾಯಿಗೆ ಬರಲಿಲ್ಲ. ಬಂದದ್ದು ಗಡಿಯಾರದ ಮಾತೊಂದೇ. "ಇವತ್ತು ಇಲ್ಲೇ ಉಳಿಯೋಣ. ನಾಳೆ ಬೆಳಿಗ್ಗೆ ಆರು ಗಂಟೆಗೆ ಒಳಗೆ ಹೋಗೋಣ," ಎಂದೆ. ಹೇಳಿದ ಮೇಲೆ ನೆನಪಾಯಿತು, ಉಳಿಯಲು ಬಟ್ಟೆಯಿಲ್ಲ, ನನ್ನ ಬಿ.ಪಿ. ಮಾತ್ರೆಯೂ ಮನೆಯಲ್ಲೇ ಇದೆ.

ಶಾರದೆ ತಾಜಮಹಲಿನಿಂದ ಕಣ್ಣು ತೆಗೆಯದೆ ಕೈಚೀಲವನ್ನು ನನ್ನ ಕಡೆ ಸರಿಸಿದಳು. ಅದರಲ್ಲಿ ಆಕೆಯದೊಂದು ಸೀರೆ, ನನ್ನದೊಂದು ಶರಟು, ಮತ್ತು ಎರಡು ದಿನಕ್ಕಾಗುವಷ್ಟು ಮಾತ್ರೆ ಇತ್ತು.