ಮುಖಕ್ಕೆ ಬಳಿದ ತಾರಸಿಯ ಬಣ್ಣ

ಸೂರ್ಯ ಇನ್ನೂ ಎದುರು ಕಟ್ಟಡದ ನೀರಿನ ಟ್ಯಾಂಕಿನ ಮರೆಯಲ್ಲೇ ಇದ್ದಾನೆ. ನಾಲ್ಕನೇ ಮಹಡಿಯ ಮೇಲಿನ ತಾರಸಿಯಲ್ಲಿ ಮೇಸ್ತ್ರಿ ಮೋಟುಗೋಡೆಗೆ ಒರಗಿ ಕುಳಿತು, ಎಡಗೈಯ ಎರಡು ಬೆರಳುಗಳ ಉದ್ದಕ್ಕೂ ಟ್ಯೂಬಿನಿಂದ ಬಿಳಿ ಕ್ರೀಮು ಹಿಂಡಿಕೊಳ್ಳುತ್ತಾರೆ. ಹಣೆ, ಮೂಗು, ಕೆನ್ನೆ, ಕಿವಿಯ ಅಂಚು, ಕತ್ತಿನ ಹಿಂಭಾಗ, ಕೊನೆಗೆ ಗಲ್ಲದ ಅಡಿ. ಆಚೆ ರೋಲರ್ ತೊಳೆಯುತ್ತಿರುವ ಕೆಲಸಗಾರ ಸುಮ್ಮನಿರುವ ಆಸಾಮಿಯಲ್ಲ. "ಏನ್ ಮೇಸ್ತ್ರಿ, ಮದುಮಗನ ಅಲಂಕಾರ ಮುಗೀತಾ?"

"ಮನೇಲಿರೋಳು ಬಿಟ್ರೆ ತಾನೇ ಇನ್ನೊಂದು ಮದುವೆ?" ಎನ್ನುತ್ತಾರೆ ಮೇಸ್ತ್ರಿ, ಗಲ್ಲ ತಿಕ್ಕುತ್ತಲೇ. ಎಲ್ಲರೂ ನಗುತ್ತಾರೆ. ಅವರು ಮಾತ್ರ ನಗುವುದಿಲ್ಲ.

ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುವುದು ಇವರ ಕಸುಬು. ಗೋಡೆಗೆ ಬಳಿದವರ ಕೈಚಳಕವನ್ನು ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ, ತಾರಸಿಗೆ ಬಳಿದದ್ದನ್ನು ಹಕ್ಕಿಗಳು ನೋಡಬೇಕಷ್ಟೆ. ಕೆಳಗಿನ ಮನೆಯವರು ಮಧ್ಯಾಹ್ನ ಹಾಯಾಗಿ ಮಲಗುತ್ತಾರೆ, ಮನೆ ಯಾಕೆ ತಂಪಾಯಿತೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಬೆಳಿಗ್ಗೆ ಗುಡಿಸಿ, ಪಾಚಿ ಕೆರೆದು, ಬಿರುಕು ಮುಚ್ಚಿ, ಮೊದಲ ಕೈ ಬಳಿಯಬೇಕು. ಅದು ಒಣಗಿದ ಮೇಲೆ ಎರಡನೆಯದು. ಬಣ್ಣ ಒಣಗಲು ಉರಿ ಬಿಸಿಲೇ ಬೇಕಾದ್ದರಿಂದ ಇವರ ಸುಗ್ಗಿಯೆಲ್ಲ ಬೇಸಿಗೆಯಲ್ಲೇ.

"ಟೋಪಿ ಹಾಕ್ಕೊಂಡ್ರೆ ಮೇಲಿನ ಬಿಸಿಲು ತಪ್ಪುತ್ತೆ. ನಾವೇ ಬಳಿದ ಬಿಳುಪು ಇದೆಯಲ್ಲ, ಅದು ಕೆಳಗಿಂದ ಹೊಡೆಯುತ್ತೆ. ಗಲ್ಲದ ಅಡಿ, ಮೂಗಿನ ಹೊಳ್ಳೆ ಎಲ್ಲ ಸುಲಿದುಹೋಗುತ್ತೆ. ಮನೆಯೋರಿಗೆ ತಂಪು, ನಮಗೆ ಕಾದ ಹೆಂಚು," ಎಂದು ನನಗೆ ಕಿವಿ ತೋರಿಸುತ್ತಾರೆ. ಅಂಚಿನಲ್ಲಿ ಚರ್ಮ ಒಣಗಿ, ಚಕ್ಕೆ ಎದ್ದು, ಮಾಗಿದ ಗುರುತುಗಳಿವೆ.

ಮೂರು ಬೇಸಿಗೆಗಳ ಹಿಂದೆ ಹೆಂಡತಿ ಇದನ್ನು ನೋಡಲಾರದೆ ಔಷಧಿ ಅಂಗಡಿಯಿಂದ ಸನ್‌ಸ್ಕ್ರೀನ್ ತಂದುಕೊಟ್ಟಿದ್ದರು. ಮೇಸ್ತ್ರಿ ಅದನ್ನು ಚೀಲದ ತಳದಲ್ಲಿ, ಹಳೇ ಬಟ್ಟೆಯ ಕೆಳಗೆ ಬಚ್ಚಿಟ್ಟರು. "ಈ ಬಣ್ಣದೋನು ಬೆಳ್ಳಗಾಗೋಕೆ ಹೊರಟ ಅಂತ ಹುಡುಗರು ಆಡ್ಕೋತಾರೆ ಅನ್ನೋ ನಾಚಿಕೆ. ಹೆಂಗಸರ ಕ್ರೀಮು ಅಂದ್ಕೊಂಡಿದ್ದೆ," ಎನ್ನುತ್ತಾರೆ. ಆಗ ಅವರಿಗೆ ಹೊಳೆದದ್ದು ಇನ್ನೊಂದು ಉಪಾಯ. ತಾರಸಿಯನ್ನು ಕಾಯುವ ಬಣ್ಣ ಮೂಗನ್ನು ಕಾಯದೇ ಇರುತ್ತದೆಯೇ? ಡಬ್ಬಿಗೆ ಬೆರಳದ್ದಿ ಮೂಗು, ಕಿವಿಗೆ ಮೆತ್ತಿಕೊಂಡರು. ಯಾರೂ ನಗಲಿಲ್ಲ. ಬಣ್ಣದವನ ಮುಖದಲ್ಲಿ ಬಣ್ಣವಿದ್ದರೆ ಯಾರು ತಾನೆ ನಗುತ್ತಾರೆ? ಸಂಜೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜಿ ತೆಗೆಯುತ್ತಿದ್ದರು. ಉರಿಯುತ್ತಿತ್ತು, ಬಿಸಿಲಿನ ಉರಿ ಎಂದುಕೊಂಡು ಸುಮ್ಮನಾಗುತ್ತಿದ್ದರು.

ಮಾತು ಇಲ್ಲಿಗೆ ಬಂದಾಗ ಮೇಸ್ತ್ರಿ ರೋಲರನ್ನು ಬಕೆಟ್ಟಿನ ಅಂಚಿಗೆ ಒರಗಿಸಿ, ಕೈ ಒರೆಸಿಕೊಳ್ಳುತ್ತಾರೆ. ಕೈ ಆಗಲೇ ಒಣಗಿದೆ, ಆದರೂ ಒರೆಸುತ್ತಲೇ ಇರುತ್ತಾರೆ.

ಹೋದ ಬೇಸಿಗೆಯಲ್ಲಿ ಹೆಂಡತಿಯ ತಮ್ಮ ಕೆಲಸಕ್ಕೆ ಸೇರಿದ. ಇಪ್ಪತ್ತೆಂಟರ ಗಟ್ಟಿಗ, ಭಾವ ಹಾಕಿದ ಗೆರೆ ದಾಟದವನು. ಎರಡನೇ ದಿನವೇ ಅವನ ಕೆನ್ನೆ ಕೆಂಡವಾಯಿತು. "ಭಾವ, ಉರೀತಿದೆ ಅಂದ. ಚೀಲದಲ್ಲಿ ಕ್ರೀಮಿತ್ತು. ತೆಗೆದುಕೊಡೋಕೆ ನಾಚಿಕೆ ಆಯ್ತು ನನಗೆ. ಬಾರೋ ಇಲ್ಲಿ ಅಂತ ಕರೆದು, ಇದೇ ಬೆರಳಲ್ಲಿ ಅವನ ಕೆನ್ನೆಗೆ, ಹಣೆಗೆ ಬಣ್ಣ ಬಳಿದೆ. ಇದಕ್ಕಿಂತ ಮದ್ದಿಲ್ಲ ಅಂತ ಬೇರೆ ಹೇಳಿದೆ."

ಮಧ್ಯಾಹ್ನದ ಬೆವರಿಗೆ ಬಣ್ಣ ಕರಗಿ ಕಣ್ಣಿಗಿಳಿಯಿತು. ಗಾಬರಿಯಲ್ಲಿ ಅವನು ಕೈಗೆ ಸಿಕ್ಕ ಸೀಮೆಎಣ್ಣೆಯ ಬಟ್ಟೆಯಲ್ಲೇ ಉಜ್ಜಿಕೊಂಡ. ಆಸ್ಪತ್ರೆಯಲ್ಲಿ ಕಣ್ಣು ತೊಳೆದು ಪಟ್ಟಿ ಕಟ್ಟಿದರು. ಕೆನ್ನೆಯ ಚರ್ಮ ಬೆಂದಂತೆ ಎದ್ದುಬಂದಿತ್ತು. ಚರ್ಮದ ಡಾಕ್ಟರಮ್ಮ ಸಿಟ್ಟಿನಿಂದ ಕೇಳಿದರಂತೆ: "ಇದನ್ನ ಮುಖಕ್ಕೆ ಹಚ್ಕೋ ಅಂತ ಯಾರಪ್ಪಾ ಹೇಳಿದ್ದು?"

"ಅವನ ಒಂದು ಕಣ್ಣಿಗೆ ಪಟ್ಟಿ. ಇನ್ನೊಂದರಲ್ಲಿ ನನ್ನ ಕಡೆ ನೋಡ್ದ. ಆಮೇಲೆ, ಯಾರೂ ಹೇಳಿಲ್ಲಮ್ಮ, ನಾನೇ ದಡ್ಡ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ." ಮೇಸ್ತ್ರಿಯ ದನಿ ಇಳಿಯುತ್ತದೆ. "ಅವರು ನನ್ನನ್ನೂ ಕೇಳಿದ್ರು, ನೀವು ಹೀಗೆಲ್ಲ ಮಾಡಲ್ಲ ತಾನೇ ಅಂತ. ಇಲ್ಲ ಅಂತ ತಲೆ ಅಲ್ಲಾಡಿಸಿದೆ."

ಅಂದು ಡಾಕ್ಟರಮ್ಮ ಹೇಳಿದ್ದನ್ನು ಅವರು ಇವತ್ತಿಗೂ ಮರೆತಿಲ್ಲ. ಸನ್‌ಸ್ಕ್ರೀನ್ ಬೆಳ್ಳಗಾಗುವ ಕ್ರೀಮಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಕಿರಣ ಎಂಥ ಮೈಬಣ್ಣದವರನ್ನೂ ಬಿಡುವುದಿಲ್ಲ. ಬಿಸಿಲಿಗಿಳಿಯುವ ಕಾಲು ಗಂಟೆ ಮುಂಚೆ ಧಾರಾಳವಾಗಿ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡರೆ ಅದಕ್ಕೂ ಮೊದಲೇ. ಟ್ಯೂಬಿನ ಮೇಲೆ ಬರೆದಿರುವ, ಬಿಸಿಲು ತಡೆಯುವ ಅಳತೆ ಎಸ್‌ಪಿಎಫ್ ಮೂವತ್ತಾದರೂ ಇರಲಿ. ಕ್ರೀಮಿದೆ ಎಂದು ಟೋಪಿ, ತುಂಬುತೋಳಿನ ಅಂಗಿ ಬಿಡುವ ಹಾಗಿಲ್ಲ. "ನಮ್ಮ ಬಣ್ಣದ ಥರಾನೇ ಸ್ವಾಮಿ. ತೆಳ್ಳಗೆ ಒಂದು ಕೈ ಎಳೆದು ಎದ್ದುಹೋದ್ರೆ ನಿಲ್ಲಲ್ಲ. ಇಷ್ಟು ಗೊತ್ತಿರೋ ಕಸುಬಿನೋನು ನಾನು!"

ಮನೆಯಲ್ಲಿ ಹೆಂಡತಿಗೆ ನಿಜ ಹೇಳಿದ್ದಾರೆ. "ನನ್ನ ತಮ್ಮನ ಕಣ್ಣಿಗಿಂತ ನಿಮ್ಮ ಮರ್ಯಾದೆ ದೊಡ್ಡದಾಯ್ತೇನ್ರೀ?" ಎಂದು ಕೇಳಿದ ಆಕೆ ಮತ್ತೆ ಆ ಮಾತೆತ್ತಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎನ್ನುತ್ತಾರೆ ಮೇಸ್ತ್ರಿ. ಅದಕ್ಕೇ ಈಗ ಎಲ್ಲರೆದುರು ಕುಳಿತು ಕ್ರೀಮು ಹಚ್ಚುತ್ತಾರೆ, ತಮಾಷೆ ಮಾಡುವವರು ಮಾಡಿಕೊಳ್ಳಲಿ.

ಬಾಮೈದನ ಕಣ್ಣು ಉಳಿದಿದೆ. ಕೆನ್ನೆಯ ಮೇಲೆ ಅಂಗೈಯಗಲದ ಕಲೆ ಇದೆ. ಅವನು ಈಗ ಕೆಲಸಕ್ಕೆ ಬರುತ್ತಾನೆ, ತಾರಸಿಗೆ ಬರುವುದಿಲ್ಲ. ಕೆಳಗೆ ನೆರಳಿನಲ್ಲಿ ಬಣ್ಣ ಕಲಸಿ, ಬಕೆಟ್ಟನ್ನು ಹಗ್ಗಕ್ಕೆ ಕಟ್ಟುತ್ತಾನೆ. "ಹಗ್ಗ ಎಳೆದ್ರೆ ಬಕೆಟ್ ಮೇಲೆ ಬರುತ್ತೆ, ಮಾತು ಬರಲ್ಲ," ಎನ್ನುತ್ತಾರೆ ಮೇಸ್ತ್ರಿ. ಖಾಲಿ ಬಕೆಟ್ ಇಳಿಸುವಾಗ ಅವರು ದಿನವೂ ಅದರ ಹಿಡಿಗೆ ಚೀಲ ಕಟ್ಟಿ, ಅವನಿಗೆಂದು ತಂದ ಕ್ರೀಮಿನ ಟ್ಯೂಬು ಇಡುತ್ತಾರೆ. ಇವತ್ತೂ ಇಟ್ಟರು. ಬಣ್ಣದ ಬಕೆಟ್ ಮೇಲೆ ಬಂದಾಗ ಚೀಲದಲ್ಲಿ ಟ್ಯೂಬು ಹಾಗೆಯೇ ಇದೆ, ಮುಚ್ಚಳ ಕೂಡ ತೆರೆದಿಲ್ಲ.

ಪತ್ರಿಕೆಗೆಂದು ಫೋಟೋ ತೆಗೆಯಲು ಹೊರಟಾಗ, ಗಲ್ಲದ ಮೇಲೆ ಕ್ರೀಮು ಬೆಳ್ಳಗೆ ಉಳಿದಿದೆ, ಒರೆಸಿಕೊಳ್ಳಿ ಎಂದೆ. ಮೇಸ್ತ್ರಿ ಬೇಡವೆಂದರು.

"ಹೀಗೇ ತೆಗೀರಿ. ಆ ಡಾಕ್ಟರಮ್ಮನ ಮನೆಗೂ ನಿಮ್ಮ ಪೇಪರ್ ಬರಬಹುದು, ಅಲ್ವಾ? ಆ ಹುಡುಗ ದಡ್ಡ ಅಲ್ಲ ಅಂತ ಬರೀರಿ. ಭಾವ ಹಚ್ಚಿದ್ದು ಅಂತ ಬರೀರಿ. ನನ್ನ ಮುಖದ ಪಕ್ಕದಲ್ಲೇ ಹಾಕಿ."