ಬೀಗ ಬಿದ್ದ ನಲ್ಲಿಯ ಮುಂದೆ ಸರತಿ

ಬೇಸಿಗೆಯ ಕೊನೆಯ ದಿನಗಳು. ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಓಣಿಯ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲಾಗಿ ಕೂತಿವೆ. ಗಾಳಿ ಬೀಸಿದಾಗೊಮ್ಮೆ ಅವುಗಳ ಬಾಯಿಂದ ಸಣ್ಣ ದನಿ ಹೊರಡುತ್ತದೆ. ಯಾರೋ ನಿದ್ದೆಗಣ್ಣಲ್ಲಿ ಜೋಗುಳ ಗುನುಗಿದಂತೆ. ನಲ್ಲಿಗೆ ಬೀಗ ಬಿದ್ದಿದೆ. ಆದರೂ ಸಾಲಿನ ಮೊದಲಿಗೆ ಸೆರಗು ಹೊದ್ದು ಸರತಿಯಕ್ಕ ನಿಂತಿದ್ದಾರೆ.

ಆ ಹೆಸರು ಓಣಿ ಇಟ್ಟದ್ದು. ಅವರ ಕೆಲಸ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವುದು. ಹಗಲೆಲ್ಲ ಮೊಣಕೈವರೆಗೆ ನೀರಿನಲ್ಲಿರುವವರು ಮನೆಯಲ್ಲಿ ಕಾಲು ತೊಳೆಯಲು ತಂಬಿಗೆ ಅಳೆಯುತ್ತಾರೆ. ಪಕ್ಕದ ದೊಡ್ಡ ಮನೆಗಳ ತೊಟ್ಟಿ ತುಂಬುತ್ತಿಲ್ಲವೆಂದು ಚಳಿಗಾಲದಲ್ಲಿ ಪುರಸಭೆಯವರು ಈ ನಲ್ಲಿಗೆ ಬೀಗ ಹಾಕಿದರು. ಮರುದಿನವೂ ಅಕ್ಕ ಎಂದಿನಂತೆ ಕೊಡ ಇಟ್ಟು ನಿಂತರು.

"ಇವಳಿಗೆ ತಲೆ ಕೆಟ್ಟಿದೆ ಅಂದ್ರು. ತಲೆ ಕೆಟ್ರೆ ಕೆಡ್ಲಿ, ಸರತಿ ಕೆಡಬಾರ್ದು ಅಂತ ನಿಂತೆ" ಎಂದು ನಗುತ್ತಾರೆ. "ಮೊಮ್ಮಗಳು ನೀರು ಚೆಲ್ಲಿ ನನ್ನ ಕೈಲಿ ಬೈಸ್ಕೋಬೇಕು. ಅಷ್ಟೇ ನನ್ನಾಸೆ."

ಈಗ ಓಣಿಗೆ ಓಣಿಯೇ ಬಿಸಿಲೇರುವವರೆಗೆ ನಿಂತು, ಆಮೇಲೆ ದೂರದ ಕಾಲುವೆಗೆ ನಡೆಯುತ್ತದೆ. ಒಮ್ಮೆ ದೊಡ್ಡ ಮನೆಯ ಕಾವಲುಗಾರ ಕೊಡಗಳನ್ನು ಒದ್ದುರುಳಿಸಿದ. ಅಕ್ಕ ಒಂದೊಂದನ್ನೇ ಎತ್ತಿ ಅದೇ ಕ್ರಮದಲ್ಲಿ ಮತ್ತೆ ಇಟ್ಟು, "ಕಾಲು ನೋಯ್ತೇನಪ್ಪ?" ಎಂದರು.

ಇವತ್ತು ಓಣಿಯ ಹಮಾಲಿಯೊಬ್ಬ ಕೊಡದ ಜೊತೆ ಹಾರೆಯನ್ನೂ ಹೊತ್ತು ಬಂದಿದ್ದಾನೆ. ರಾತ್ರಿಯಿಡೀ ಅವನ ಮಗುವಿಗೆ ಜ್ವರ.

"ಸಾಕು ನಿಮ್ಮ ನಿಲ್ಲೋ ಆಟ! ಬೀಗ ಒಡೀತೀನಿ."

ಒಡೆದರೆ ಓಣಿಗೆ ಪೊಲೀಸರು ಬರುತ್ತಾರೆ, ನಲ್ಲಿಯನ್ನೇ ಕಿತ್ತುಹಾಕುತ್ತಾರೆ. ಅದು ಎಲ್ಲರಿಗೂ ಗೊತ್ತು. ಅಕ್ಕ ಅಡ್ಡ ಹೋಗುವುದಿಲ್ಲ.

"ಒಡಿಯಪ್ಪ. ಆದ್ರೆ ಸರತೀಲಿ ಬಾ."

ಅವನು ಸಾಲನ್ನು ದಿಟ್ಟಿಸುತ್ತಾನೆ. ಇಷ್ಟು ದಿನದ ರೂಢಿ, ಕಾಲುಗಳು ತಾವಾಗಿ ಕೊನೆಗೆ ಹೋಗಿ ನಿಲ್ಲುತ್ತವೆ.

"ಒತ್ತಬೇಡ್ವೋ, ಹಾರೆ ಚುಚ್ಚುತ್ತೆ" ಎಂದು ಮುಂದಿನ ಮುದುಕಿ ಗದರುತ್ತಾಳೆ. ಸಾಲಿನುದ್ದಕ್ಕೂ ನಗು ಹರಿಯುತ್ತದೆ.

ಅಷ್ಟರಲ್ಲಿ ನೀರು ಬಿಡುವವನು ಸೈಕಲ್ಲಿನಲ್ಲಿ ಬರುತ್ತಾನೆ. ಬೀಗದಕೈ ಇರುವುದು ಅವನ ಬಳಿ.

"ಅವನ್ಯಾಕಕ್ಕ ಹಾರೆ ಹಿಡ್ಕೊಂಡು ನಿಂತಿದ್ದಾನೆ?"

"ಬೀಗ ಒಡಿಯೋಕೆ. ಇನ್ನೂ ಅವನ ಸರತಿ ಬಂದಿಲ್ಲ. ಮಗೂಗೆ ಜ್ವರ."

ನಗಲು ಹೋದವನು ಜೇಬಿನ ಬೀಗದಕೈ ಮುಟ್ಟಿಕೊಳ್ಳುತ್ತಾನೆ. "ತೆಗೆದ್ರೆ ನನ್ನ ಕೆಲ್ಸ ಹೋಗುತ್ತಕ್ಕ."

"ಹೋದ್ರೆ ನಿನ್ನ ಕೊಡಾನೂ ಇಲ್ಲೇ ತಂದಿಡು ತಮ್ಮ. ಜಾಗ ಮಾಡ್ಕೊಡ್ತೀವಿ."

ಅವನು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾನೆ. ಆಮೇಲೆ, "ಇವತ್ತಿಗೆ ಮಾತ್ರ" ಎಂದು ಬೀಗ ತೆಗೆಯುತ್ತಾನೆ. ನಲ್ಲಿ ಕೆಮ್ಮಿ, ತುಕ್ಕು ಉಗುಳಿ, ಕನಸು ನೆನಪಾದಂತೆ ಮೆಲ್ಲಗೆ ಹರಿಯತೊಡಗುತ್ತದೆ.

ಅಕ್ಕ ಹಮಾಲಿಯನ್ನು ಮುಂದಕ್ಕೆ ಕರೆದು ತಮ್ಮ ಜಾಗ ಕೊಡುತ್ತಾರೆ; ತಾವು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಸರತಿ ಬರುವ ಮೊದಲೇ ಆಸ್ಪತ್ರೆಯ ಹೊತ್ತಾಗುತ್ತದೆ. ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಹೊರಟವರ ಹಿಂದೆ ಹಮಾಲಿ ಓಡಿಬರುತ್ತಾನೆ.

"ಅಕ್ಕ, ಈ ಋಣ ಹೇಗೆ ತೀರಿಸ್ಲಿ?"

"ತೀರಿಸಬೇಡ ಬಿಡೋ" ಎನ್ನುತ್ತಾರೆ ಸರತಿಯಕ್ಕ. "ಬಾಕಿ ಇದ್ರೆ ತಾನೇ ನಾಳೇನೂ ಬಂದು ನಿಲ್ಲೋದು?"