ವಿಶಾಲಾಕ್ಷಮ್ಮನವರ ಮೂವತ್ತೊಂದು ಮೇಲ್‌ಗಳು

ಬೇವಿನ ಎಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಅಜ್ಜಿಯೋ ಊರೋ ನೆನಪಾಗಬಹುದು. ನನಗೆ ನೆನಪಾಗುವುದು ಇಮೇಲು. ನಗಬೇಡಿ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಬಾಲ್ಕನಿಯ ದಾಸವಾಳಕ್ಕೆ ಬೇವಿನ ಎಣ್ಣೆ ಸಿಂಪಡಿಸುತ್ತಿದ್ದಳು. ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನ ಮುಖದ ಮೇಲೂ ಎರಡು ಹನಿ ಬಿತ್ತು. "ಏನ್ ಯೋಚ್ನೆ ಮಾಡ್ತಾ ನಿಂತ್ರಿ?" ಎಂದಳು. "ವಿಶಾಲಾಕ್ಷಮ್ಮ" ಎಂದೆ. "ಹಾಗಾದ್ರೆ ಇನ್ನರ್ಧ ಗಂಟೆ ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ" ಎಂದು ಮುಂದಿನ ಕುಂಡಕ್ಕೆ ಹೋದಳು. ಆ ಅರ್ಧ ಗಂಟೆಯನ್ನು ನಿಮ್ಮ ಜೊತೆ ಕಳೆಯುತ್ತೇನೆ.

ಫೋನಿನಲ್ಲಿ ಗುಂಪು ಕಟ್ಟುವ ಚಾಳಿ ನಮ್ಮ ವಯಸ್ಸಿನವರಿಗೆ ಇನ್ನೂ ಅಂಟಿರದ ದಿನಗಳು. ಬಸವನಗುಡಿಯಲ್ಲಿ ಒಂದು ಭಾನುವಾರ ತಾರಸಿ ತೋಟದ ತರಬೇತಿ ಇತ್ತು. ಅಲ್ಲಿ ಸೇರಿದ್ದ ನಾವು ಮೂವತ್ತೈದು ಜನ ಬಿಟ್ಟುಹೋಗಲು ಮನಸ್ಸಿಲ್ಲದೆ ಒಂದು ಹಾಳೆಯ ಮೇಲೆ ಎಲ್ಲರ ಇಮೇಲ್ ವಿಳಾಸ ಬರೆದುಕೊಂಡೆವು. ಅದೇ ನಮ್ಮ ಮೇಲ್ ಲಿಸ್ಟ್ ಆಯಿತು. ಒಂದೇ ವಿಳಾಸಕ್ಕೆ ಬರೆದರೆ ಸಾಕು, ಮೂವತ್ತೈದು ಮನೆಗೂ ಪತ್ರ ತಲುಪುತ್ತಿತ್ತು. ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದವನು ಎಂಬ ಒಂದೇ ಕಾರಣಕ್ಕೆ ಅದರ ಉಸ್ತುವಾರಿ ನನ್ನ ತಲೆಗೆ ಬಂತು. ನನಗೆ ಪುಸ್ತಕ ಜೋಡಿಸಲು ಬರುತ್ತಿತ್ತೇ ಹೊರತು ಮನುಷ್ಯರನ್ನಲ್ಲ. ಆದರೆ ಅದನ್ನು ಆಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಪಟ್ಟಿಯ ಪ್ರಾಣವೆಂದರೆ ವಿಶಾಲಾಕ್ಷಮ್ಮ. ಚಾಮರಾಜಪೇಟೆಯಲ್ಲಿ ತಂಗಿ ಸರಸಮ್ಮನ ಜೊತೆ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಯಾರು ಏನೇ ಕೇಳಲಿ, ಹತ್ತು ನಿಮಿಷದೊಳಗೆ ಎಲ್ಲರಿಗೂ ಉತ್ತರ ಬರುತ್ತಿತ್ತು. ಬಿಳಿ ನೊಣಕ್ಕೆ ಬೇವಿನ ಎಣ್ಣೆ ಎಷ್ಟು, ಅದಕ್ಕೆ ಸೋಪಿನ ನೀರು ಎಷ್ಟು, ಬಸಳೆ ಬಳ್ಳಿ ಯಾವ ಗೋಡೆಗೆ ಹಬ್ಬಿಸಬೇಕು, ಎಲ್ಲವೂ ಅವರಿಗೆ ಗೊತ್ತು. ಒಂದೇ ತೊಂದರೆ: ಅವರ ಎಲ್ಲ ಮೇಲ್‌ಗಳ ಶೀರ್ಷಿಕೆಯೂ "ನಮಸ್ಕಾರ". ಬಿಳಿ ನೊಣವೂ ನಮಸ್ಕಾರ, ಎರೆಗೊಬ್ಬರವೂ ನಮಸ್ಕಾರ, ಸರಸಮ್ಮನ ಮಂಡಿನೋವೂ ನಮಸ್ಕಾರ. ಇನ್ನು "ಹಾಗಲಕಾಯಿ" ಎಂಬ ಶೀರ್ಷಿಕೆಯಲ್ಲಿ ಶುರುವಾದ ಚರ್ಚೆ ನಲವತ್ತನೇ ಮೇಲ್‌ನ ಹೊತ್ತಿಗೆ ವಿ.ವಿ. ಪುರಂನ ತಿಂಡಿಬೀದಿ ಮುಟ್ಟಿ, ಅವರೆಬೇಳೆ ದೋಸೆಗೆ ತುಪ್ಪ ಹಾಕಬೇಕೋ ಬೇಡವೋ ಎಂಬಲ್ಲಿ ಜಗಳವಾಗಿ ನಿಂತಿತ್ತು. ಇಪ್ಪತ್ತು ವರ್ಷ ಒಂದೊಂದು ವಿಷಯಕ್ಕೆ ಒಂದೊಂದು ಕಪಾಟು ಎಂದು ಬದುಕಿದ ನನಗೆ ಇದು ತಡೆಯಲಾಗದ ಸಂಕಟ.

ನನಗೆ ಹೊಳೆದ ಪರಿಹಾರ ಫೋರಂ. ಅಂತರ್ಜಾಲದಲ್ಲಿ ನಮ್ಮದೇ ಒಂದು ತಾಣ. ಅದರೊಳಗೆ ಕೋಣೆಗಳು: ಸೊಪ್ಪು, ಬಳ್ಳಿ, ಹೂವು, ಗೊಬ್ಬರ, ಕೀಟ. ಬೇಕಾದವರು ಬೇಕಾದ ಕೋಣೆಗೆ ಹೋಗಿ ಓದಬಹುದು, ಬರೆಯಬಹುದು. ಗಾಂಧಿಬಜಾರಿನ ಒಂದು ಹೋಟೆಲಿನಲ್ಲಿ ಪಟ್ಟಿಯಲ್ಲೇ ಇದ್ದ ಗೆಳೆಯ ಮಂಜುನಾಥನ ಮುಂದೆ ಇದನ್ನು ಮಂಡಿಸಿದೆ. ಅವನದು ಚಿಕ್ಕಪೇಟೆಯಲ್ಲಿ ತಾತನ ಕಾಲದ ಹಾರ್ಡ್‌ವೇರ್ ಅಂಗಡಿ. ಗಿರಾಕಿಗಳನ್ನು ನೋಡಿ ನೋಡಿ ಮನುಷ್ಯರ ಅಂದಾಜು ಸಿಕ್ಕಿದವನು.

"ಗುರು, ಮೇಲ್ ಅಂದ್ರೆ ಅದೇ ನನ್ನ ಹುಡುಕ್ಕೊಂಡು ಬರುತ್ತೆ. ನಿನ್ ಫೋರಂಗೆ ದಿನಾ ನಾನೇ ಹುಡುಕ್ಕೊಂಡು ಹೋಗ್ಬೇಕು. ಯಾರ್ ಹೋಗ್ತಾರೆ?"

"ಲೈಬ್ರರಿಗೆ ಜನ ಬರಲ್ವಾ?"

"ಪರೀಕ್ಷೆ ಇದ್ದಾಗ ಬರ್ತಾರೆ" ಎಂದು ಅವನು ದೋಸೆ ಮುರಿದ.

ಮತಕ್ಕೆ ಹಾಕಿದೆವು. ಬಹುಪಾಲು ಜನ, ಬಹುಶಃ ನನ್ನ ಉದ್ದುದ್ದ ಮೇಲ್‌ಗಳು ನಿಲ್ಲಲಿ ಎಂಬ ಆಸೆಯಿಂದ, ಫೋರಂ ಆಗಲಿ ಎಂದರು. ವಿಶಾಲಾಕ್ಷಮ್ಮ ಮಾತ್ರ ಬರೆದದ್ದು "ನಿಮ್ಮೆಲ್ಲರ ಇಷ್ಟ" ಎಂದು. ನಾನು ಅದನ್ನು ಒಪ್ಪಿಗೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಫೋರಂ ಏನೋ ಚೆನ್ನಾಗಿತ್ತು. ಮೊದಲ ತಿಂಗಳು ಎಲ್ಲರೂ ಗೃಹಪ್ರವೇಶಕ್ಕೆ ಬಂದವರಂತೆ ಕೋಣೆ ಕೋಣೆ ಇಣುಕಿ ಹೋದರು. ಎರಡನೇ ತಿಂಗಳು ಪಾಸ್‌ವರ್ಡ್ ಮರೆತರು. ಮೂರನೇ ತಿಂಗಳು ಅಲ್ಲಿ ಚಟುವಟಿಕೆಯಿಂದ ಓಡಾಡುತ್ತಿದ್ದವರು ತೂಕ ಇಳಿಸುವ ಮಾತ್ರೆ ಮಾರುವವರು ಮಾತ್ರ. ನಾಚಿಕೆ ಬಿಟ್ಟು ಹೇಳುತ್ತೇನೆ: "ಸುಮಾ" ಎಂಬ ಸುಳ್ಳು ಹೆಸರಿನಲ್ಲಿ ನಾನೇ ಪ್ರಶ್ನೆ ಕೇಳಿ, ನನ್ನ ಹೆಸರಿನಲ್ಲಿ ನಾನೇ ಉತ್ತರಿಸತೊಡಗಿದೆ. ಸುಮಾಗೆ ಕೊಟ್ಟ ಉತ್ತರವೂ ತಪ್ಪಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಮಂಜುನಾಥ ಫೋನ್ ಮಾಡಿದ. ಅವನ ತೊಂಡೆ ಬಳ್ಳಿಗೆ ಬಿಳಿ ನೊಣ ಮುತ್ತಿತ್ತು. "ಆ ಅಮ್ಮ ಬೇವಿನ ಎಣ್ಣೆ ಅಳತೆ ಬರ್ದಿದ್ರಲ್ಲ, ಹುಡುಕಿ ಕೊಡೋ." ಫೋರಂನ ಕೀಟದ ಕೋಣೆಯಲ್ಲಿ ಏನೂ ಇರಲಿಲ್ಲ. ಹಳೆಯ ಮೇಲ್ ಲಿಸ್ಟನ್ನು ತೆರೆದೆ. ಅದನ್ನು ಮುಚ್ಚುವಾಗ ಯಾರಿಗೂ ಹೇಳದೆ ನಾನೊಂದು ಬೀಗ ಹಾಕಿದ್ದೆ: ಯಾರಾದರೂ ಆ ವಿಳಾಸಕ್ಕೆ ಬರೆದರೆ ಅದು ಯಾರಿಗೂ ಹೋಗದೆ ನನ್ನ ಅನುಮತಿಗೆ ಕಾಯಬೇಕು. ಹಾಕಿ ಮರೆತಿದ್ದೆ. ಪರದೆಯ ಮೇಲೆ ಒಂದು ಸಾಲು ಕಂಡಿತು. ಮೂವತ್ತೊಂದು ಮೇಲ್‌ಗಳು ಅನುಮತಿಗಾಗಿ ಕಾಯುತ್ತಿವೆ. ಎಲ್ಲದರ ಶೀರ್ಷಿಕೆಯೂ ನಮಸ್ಕಾರ.

ಓದಿದೆ. ಮೊದಲನೆಯದರಲ್ಲಿ, "ಯಾಕೆ ಎಲ್ಲರೂ ಸುಮ್ಮನಾಗಿದ್ದೀರಿ? ಹಬ್ಬದ ಗಡಿಬಿಡಿಯೇ?" ಎಂದಿತ್ತು. ಐದನೆಯದರಲ್ಲಿ, "ಬಸಳೆ ವಿಷಯದಲ್ಲಿ ಮಂಜುನಾಥ ಅವರಿಗೆ ನಾನು ಎದುರು ಮಾತಾಡಿದ್ದು ಬೇಸರವಾಯಿತೋ ಏನೋ. ಹಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಆಮೇಲಿನವು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರಗಳು. "ಮಳೆ ಶುರುವಾಗುತ್ತದೆ, ಹೇಗೂ ಕೇಳುತ್ತೀರಿ ಎಂದು ಮುಂಚೆಯೇ ಬರೆಯುತ್ತಿದ್ದೇನೆ. ಕುಂಡದ ತೂತು ಕಟ್ಟಿಕೊಂಡಿದೆಯೇ ನೋಡಿ." ಕೊನೆಯದು ಆ ವಾರವೇ ಬಂದದ್ದು. "ಹೀರೆ ಬೀಜ ತೆಗೆದು ಪೊಟ್ಟಣ ಕಟ್ಟಿದ್ದೇನೆ. ಒಂದೊಂದರ ಮೇಲೂ ನಿಮ್ಮ ನಿಮ್ಮ ಹೆಸರಿದೆ. ಬೇಡವಾದವರು ಬೇಡ ಎಂದಾದರೂ ಹೇಳಿ."

ಅಂದು ಸಂಜೆಯೇ ಮಂಜುನಾಥನನ್ನು ಎಳೆದುಕೊಂಡು ಚಾಮರಾಜಪೇಟೆಗೆ ಹೋದೆ. ಬಾಗಿಲು ತೆಗೆದ ಸರಸಮ್ಮ ನಮ್ಮ ಹೆಸರು ಕೇಳಿ ಒಳಗೆ ತಿರುಗಿ, "ಅಕ್ಕಾ, ಬದುಕಿದಾರೆ!" ಎಂದು ಕೂಗಿದರು. ವಿಶಾಲಾಕ್ಷಮ್ಮ ಹೊರಗೆ ಬಂದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕ್ಷಮಾಪಣೆಯ ಮೊದಲ ವಾಕ್ಯ ಮುಗಿಯುವ ಮೊದಲೇ, "ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಗೊಬ್ಬರದ ಚೀಲ ಕೆಳಗೇ ಉಳಿದುಬಿಟ್ಟಿದೆ" ಎಂದರು. ಮೂರು ಮಹಡಿ, ಎರಡು ಚೀಲ. ಕ್ಷಮಾಪಣೆಗೆ ಬೇಕಾದ ಉಸಿರೇ ನನ್ನಲ್ಲಿ ಉಳಿಯಲಿಲ್ಲ.

ತಾರಸಿಯ ಮೇಲೆ ಕೂತು, ನಡೆದದ್ದನ್ನೆಲ್ಲ ಹೇಳಿದೆ. "ಫೋರಂಗೆ ನೀವು ಯಾಕಮ್ಮ ಬರ್ಲಿಲ್ಲ?"

"ಬಂದಿದ್ದೆ ಕಣಪ್ಪ. ಒಂಬತ್ತು ಚಿತ್ರ ಕೊಟ್ಟು, ಇದ್ರಲ್ಲಿ ಸಿಗ್ನಲ್ ದೀಪ ಎಲ್ಲಿದೆ ತೋರ್ಸು ಅಂತು. ತೋರಿಸ್ದೆ. ಇನ್ನೂ ಒಂಬತ್ತು ಕೊಡ್ತು. ಬಸಳೆ ಬಗ್ಗೆ ಎರಡು ಮಾತು ಬರ್ಯೋಕೆ ನಾನು ಟ್ರಾಫಿಕ್ ಪೊಲೀಸ್ ಆಗ್ಬೇಕಾ?"

ಮಂಜುನಾಥ ನಕ್ಕ ನಗೆಗೆ ಪಕ್ಕದ ತಾರಸಿಯ ಪಾರಿವಾಳಗಳು ಎದ್ದವು. ಅವರೂ ನಕ್ಕರು. ಆಮೇಲೆ ಹೀರೆ ಬಳ್ಳಿಯ ಒಣ ಎಲೆ ಕೀಳತೊಡಗಿದರು.

"ಎಕ್ಸ್‌ಚೇಂಜ್‌ನಲ್ಲಿ ಒಂದು ಪದ್ಧತಿ ಇತ್ತು. ಲೈನ್ ಕಟ್ ಮಾಡೋ ಮುಂಚೆ ಒಂದ್ಸಲ ಕಿವಿ ಕೊಟ್ಟು ಕೇಳ್ಬೇಕು, ಯಾರಾದ್ರೂ ಇನ್ನೂ ಮಾತಾಡ್ತಿದಾರಾ ಅಂತ. ನೀನು ಕೇಳ್ಲಿಲ್ಲ."

"ತಪ್ಪಾಯ್ತು ಅಮ್ಮ" ಎಂದೆ.

"ಆಯ್ತು ಬಿಡು. ಈಗ ಏನ್ ಮಾಡ್ತೀಯ ಹೇಳು."

ಅವರ ಮನೆಯ ಕಂಪ್ಯೂಟರಿನ ಮುಂದೆಯೇ ಕೂತು ಬೀಗ ತೆಗೆದೆ. ಮೂವತ್ತೊಂದು ಮೇಲ್‌ಗಳಿಗೂ ಒಂದೊಂದಾಗಿ ಅನುಮತಿ ಒತ್ತಿದೆ. ಮೂವತ್ತೈದು ಜನಕ್ಕೆ ಒಟ್ಟಿಗೇ ಮೂವತ್ತೊಂದು ನಮಸ್ಕಾರಗಳು ಬಿದ್ದವು. ಮಂಜುನಾಥನ ಜೇಬಿನಲ್ಲಿ ಫೋನು ಟಿಂಗ್ ಟಿಂಗ್ ಎಂದು ನಿಲ್ಲದೆ ಬಡಿದುಕೊಂಡಿತು. ಎರಡೇ ನಿಮಿಷಕ್ಕೆ ಮೊದಲ ಉತ್ತರ ಬಂತು: "ಅಮ್ಮಾ, ಎಲ್ಲಿದ್ರಿ ಇಷ್ಟು ದಿನ?" ಆಮೇಲೆ ಇನ್ನೊಂದು, ಮತ್ತೊಂದು. ನಾವು ಹೊರಡುವ ಹೊತ್ತಿಗೆ ಅವರೆಬೇಳೆ ದೋಸೆಯ ಜಗಳ ಬಿಟ್ಟಲ್ಲಿಂದ ಮುಂದುವರಿದಿತ್ತು. ಒಬ್ಬೊಬ್ಬರೇ ಚಾಮರಾಜಪೇಟೆಗೆ ಹೋಗಿ ತಮ್ಮ ಪೊಟ್ಟಣ ತಂದುಕೊಂಡರು. ಕೊನೆಗೆ ಉಳಿದ ಪೊಟ್ಟಣ ಒಂದೇ. ಅದರ ಮೇಲೆ ಸುಮಾ ಎಂದಿತ್ತು. ಫೋರಂ ಅನ್ನು ಹೊರಗಿನಿಂದ ವಿಶಾಲಾಕ್ಷಮ್ಮ ಓದುತ್ತಲೇ ಇದ್ದರಂತೆ, ಬರೆಯಲು ಮಾತ್ರ ಅದು ಬಿಡಲಿಲ್ಲವಂತೆ. "ಪಾಪ, ಆ ಹುಡುಗಿಗೆ ನೀನು ತಪ್ಪು ಅಳತೆ ಹೇಳಿದೀಯ. ಬೀಜನಾದ್ರೂ ತಲುಪಿಸು" ಎಂದರು. ಅದನ್ನು ನಾನು ಮರುಮಾತಿಲ್ಲದೆ ಜೇಬಿಗೆ ಹಾಕಿಕೊಂಡೆ.

ಫೋರಂ ಮುಚ್ಚಲಿಲ್ಲ. ಮಾತೆಲ್ಲ ಮೇಲ್‌ನಲ್ಲಿ ನಡೆಯುತ್ತದೆ. ವಾರಕ್ಕೊಮ್ಮೆ ನಾನು ಒಳ್ಳೆಯ ಉತ್ತರಗಳನ್ನು ಹೆಕ್ಕಿ, ಸರಿಯಾದ ಹೆಸರಿಟ್ಟು ಫೋರಂನ ಕೋಣೆಗಳಲ್ಲಿ ಜೋಡಿಸುತ್ತೇನೆ. ಪರೀಕ್ಷೆ ಇದ್ದಾಗ, ಅಂದರೆ ಗಿಡಕ್ಕೆ ಹುಳ ಬಿದ್ದಾಗ, ಜನ ಅಲ್ಲಿಗೂ ಬರುತ್ತಾರೆ. ವಿಶಾಲಾಕ್ಷಮ್ಮನಿಗೆ ಈಗ ಎಂಬತ್ತರ ಹತ್ತಿರ. ಉತ್ತರ ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಕಳೆದ ತಿಂಗಳು ಮಲ್ಲೇಶ್ವರಂನ ನಮ್ಮ ಅಪಾರ್ಟ್‌ಮೆಂಟಿನವರು ಸಭೆ ಸೇರಿ, ನೀರು, ಲಿಫ್ಟು ಇತ್ಯಾದಿ ಸುದ್ದಿಗಳನ್ನೆಲ್ಲ ಇನ್ನು ಮೇಲೆ ಒಂದು ಹೊಸ ಆ್ಯಪ್‌ಗೆ ಸಾಗಿಸೋಣ ಎಂದರು. "ಸರ್, ನಿಮಗೆ ಅನುಭವ ಇದೆ, ನೀವ್ ಹೇಳಿ." ಒಂದು ವಾರ ಕೊಡಿ ಎಂದು, ಸಭೆಗೆ ಬಾರದ ಮನೆಗಳ ಬಾಗಿಲು ಒಂದೊಂದಾಗಿ ತಟ್ಟಿದೆ. ಎರಡನೇ ಮಹಡಿಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಕಣ್ಣುಜ್ಜಿಕೊಳ್ಳುತ್ತಾ ಬಾಗಿಲು ತೆಗೆದಳು. ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. "ಯಾವ ಆ್ಯಪೂ ಬೇಡ ಸರ್, ಫೋನ್ ಆಫ್ ಮಾಡಿ ಮಲಗ್ತೀನಿ, ಎದ್ದಾಗ ನೂರು ಮೆಸೇಜ್ ಇರುತ್ತೆ. ಬಾಗಿಲಿಗೆ ಒಂದು ಚೀಟಿ ಅಂಟಿಸ್ಬಿಡಿ, ಸಾಕು" ಎಂದಳು. ಆ್ಯಪ್ ಬಂದಿದೆ. ಚೀಟಿಯೂ ಇದೆ, ಅಂಟಿಸುವ ಕೆಲಸ ನನ್ನದು. ನೀರಿನ ಟ್ಯಾಂಕರ್ ಬೆಳಿಗ್ಗೆ ಬರಬೇಕೋ ಮಧ್ಯಾಹ್ನವೋ ಎಂದು ಮೊನ್ನೆ ಬರೆದು ಅಂಟಿಸಿದ್ದೆ. ನಿನ್ನೆ ನೋಡಿದರೆ ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಅವಳ ಉತ್ತರವಿತ್ತು: "ಬೆಳಿಗ್ಗೆ ಆಗ್ಲಿ ಸರ್. ಮಧ್ಯಾಹ್ನ ಅದರ ಸದ್ದಿಗೆ ಎಚ್ಚರ ಆಗುತ್ತೆ. ಕೇಳಿದ್ದಕ್ಕೆ ಥ್ಯಾಂಕ್ಸ್, ಇಷ್ಟು ದಿನ ಯಾರೂ ಕೇಳಿರ್ಲಿಲ್ಲ."